ಪಾರಂಪರಿಕ ನಗರಗಳಲ್ಲಿ ಎತ್ತರದ ಕಟ್ಟಡಗಳ ಕುರಿತ ಸಾರ್ವಜನಿಕ ಸಮಾಲೋಚನೆ

ಐತಿಹಾಸಿಕ ಮಹತ್ತ್ವವುಳ್ಳ ನಗರದಲ್ಲಿ ಸುತ್ತಲಿನ ಕಟ್ಟಡಗಳಿಗಿಂತ ಬಹಳ ಎತ್ತರದ ಕಟ್ಟಡವೊಂದರ ಪ್ರಸ್ತಾವ ಬಂದಾಗ, ಅನುಮತಿಯ ನಿರ್ಧಾರಕ್ಕೆ ಮೊದಲು ನಿವಾಸಿಗಳು, ಪರಂಪರೆ ಸಂರಕ್ಷಣಾ ಸಂಸ್ಥೆಗಳು, ಸರ್ಕಾರಿ ಇಲಾಖೆಗಳು ಮೊದಲಾದವರ ಅಭಿಪ್ರಾಯವನ್ನು ವಿಧಿಬದ್ಧವಾಗಿ ಕೇಳಿ, ದಾಖಲಿಸಿ, ಪರಿಗಣಿಸುವ ಪ್ರಕ್ರಿಯೆ. ಇದು ನಗರ ಯೋಜನೆ, ಸ್ಮಾರಕ ಸಂರಕ್ಷಣೆ ಮತ್ತು ಆಡಳಿತ ಕಾನೂನು ಈ ಮೂರೂ ಕ್ಷೇತ್ರಗಳಿಗೆ ಸೇರಿದ ವಿಷಯ. ಎತ್ತರದ ಕಟ್ಟಡದ ಪರಿಣಾಮ ಅದು ನಿಂತ ನಿವೇಶನದ ಗಡಿಯೊಳಗೆ ಮುಗಿಯುವುದಿಲ್ಲ. ಹಲವು ಕಿಲೋಮೀಟರ್ ದೂರದಿಂದ ಕಾಣುವ ದೇವಾಲಯದ ಗೋಪುರ, ಗುಮ್ಮಟ ಅಥವಾ ಕೋಟೆಯ ನೋಟವೂ ಅದರಿಂದ ಬದಲಾಗಬಹುದು. ಈ ಕಾರಣದಿಂದ ಇಂಥ ಪ್ರಸ್ತಾವಗಳಲ್ಲಿ ಅಭಿಪ್ರಾಯ ಕೇಳಬೇಕಾದವರ ವ್ಯಾಪ್ತಿ ಸಾಮಾನ್ಯ ಕಟ್ಟಡಗಳಿಗಿಂತ ಹಿರಿದು.

ಪರಿಭಾಷೆ

ಎತ್ತರದ ಕಟ್ಟಡ: ಎಲ್ಲೆಡೆಗೂ ಅನ್ವಯಿಸುವ ಒಂದೇ ಅಳತೆ ಇಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು (2016) 15 ಮೀಟರ್ ಮತ್ತು ಅದಕ್ಕಿಂತ ಎತ್ತರದವನ್ನು ಬಹುಮಹಡಿ ಕಟ್ಟಡವೆಂದು ಗುರುತಿಸುತ್ತದೆ. 2021ರ ಲಂಡನ್ ಮಹಾಯೋಜನೆಯ ಪ್ರಕಾರ ಸ್ಥಳೀಯ ಆಡಳಿತಗಳು ತಮ್ಮ ವ್ಯಾಖ್ಯೆಯನ್ನು ತಾವೇ ಗೊತ್ತುಮಾಡಿಕೊಳ್ಳಬಹುದು. ಆದರೆ ಅದು ಆರು ಅಂತಸ್ತಿಗಿಂತ, ಅಥವಾ ನೆಲದಿಂದ ಎಲ್ಲಕ್ಕಿಂತ ಮೇಲಿನ ಅಂತಸ್ತಿನ ನೆಲಗಟ್ಟಿನವರೆಗೆ 18 ಮೀಟರಿಗಿಂತ, ಕಡಿಮೆ ಇರುವಂತಿಲ್ಲ. ಪಾರಂಪರಿಕ ನಗರಗಳಲ್ಲಿ ಸುತ್ತಲಿನ ಕಟ್ಟಡಗಳಿಗೆ ಹೋಲಿಸಿದ ಎತ್ತರವೇ ಮುಖ್ಯ.

ಗಗನರೇಖೆ: ಆಕಾಶದ ಹಿನ್ನೆಲೆಯಲ್ಲಿ ಕಾಣುವ ನಗರದ ಮೇಲಂಚು.

ದೃಶ್ಯಪಥ: ಗೊತ್ತಾದ ಒಂದು ತಾಣದಿಂದ ಒಂದು ಸ್ಮಾರಕದತ್ತ ಅಡೆತಡೆಯಿಲ್ಲದೆ ಕಾಣಬೇಕೆಂದು ನಿಯಮದ ಮೂಲಕ ಕಾಪಾಡಿದ ನೋಟದ ಪಟ್ಟಿ.

ಸುತ್ತಣ ಪರಿಸರ: ಸ್ಮಾರಕದ ಅರ್ಥಕ್ಕೂ ಅನುಭವಕ್ಕೂ ಆಧಾರವಾದ ಸುತ್ತಲಿನ ಬೀದಿ, ಬಯಲು, ನೀರು, ಬೆಟ್ಟ ಮತ್ತು ಕಟ್ಟಡಗಳ ಒಟ್ಟು ಸನ್ನಿವೇಶ.

ಸಂಬಂಧಪಟ್ಟವರು: ನಿರ್ಧಾರದಿಂದ ಬಾಧಿತರಾಗುವವರು ಅಥವಾ ಆ ವಿಷಯದಲ್ಲಿ ಕಾನೂನುಬದ್ಧ ಹೊಣೆ, ಪರಿಣತಿ ಇಲ್ಲವೆ ಆಸಕ್ತಿ ಉಳ್ಳವರು. ಹಿತಾಸಕ್ತರು, ಭಾಗೀದಾರರು ಎಂಬ ಪದಗಳೂ ಇದೇ ಅರ್ಥದಲ್ಲಿ ಬಳಕೆಯಲ್ಲಿವೆ.

ಸಮಾಲೋಚನೆ: ಅಭಿಪ್ರಾಯ ಕೇಳುವುದು, ಅದನ್ನು ಪರಿಗಣಿಸುವುದು. ಇದು ಬರಿಯ ಪ್ರಕಟಣೆಯೂ ಅಲ್ಲ, ಒಪ್ಪಿಗೆ ಪಡೆಯುವ ಮತದಾನವೂ ಅಲ್ಲ. ನಿರ್ಧರಿಸುವ ಅಧಿಕಾರ ಪ್ರಾಧಿಕಾರದಲ್ಲೇ ಉಳಿಯುತ್ತದೆ.

ಉಗಮ ಮತ್ತು ಬೆಳವಣಿಗೆ

ನಗರದ ಎತ್ತರವನ್ನು ನಿಯಂತ್ರಿಸುವ ಪದ್ಧತಿ ಸಮಾಲೋಚನೆಗಿಂತ ಹಳೆಯದು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಖಾಸಗಿ ಕಟ್ಟಡಗಳು ಚಳಿಗಾಲದ ಅರಮನೆಯ ಸೂರಂಚನ್ನು ಮೀರಬಾರದೆಂದು ಒಂದನೆಯ ನಿಕೊಲಾಯ್ ಚಕ್ರವರ್ತಿ 1844ರಲ್ಲಿ ವಿಧಿಸಿದ. ಆ ಮಿತಿ ಸುಮಾರು 23.5 ಮೀಟರ್. ಲಂಡನ್ನಿನ 1894ರ ಕಟ್ಟಡ ಕಾಯಿದೆ ಚಾವಣಿಯೊಳಗಿನ ಎರಡು ಅಂತಸ್ತುಗಳನ್ನು ಬಿಟ್ಟು 80 ಅಡಿಯ ಮಿತಿ ಹಾಕಿತು. ಇವೆರಡೂ ಮೇಲಿನಿಂದ ವಿಧಿಸಿದ ಮಿತಿಗಳು. ಜನರನ್ನು ಕೇಳುವ ಏರ್ಪಾಡು ಇವುಗಳಲ್ಲಿ ಇರಲಿಲ್ಲ.

1930ರ ದಶಕದಲ್ಲಿ ಲಂಡನ್ನಿನ ಥೇಮ್ಸ್ ದಡದ ಬಳಿ ಎದ್ದ ದೂರವಾಣಿ ಕೇಂದ್ರದ ಫ್ಯಾರಡೇ ಕಟ್ಟಡ ಸೇಂಟ್ ಪಾಲ್ ಕೆಥೆಡ್ರಲಿನ ಗುಮ್ಮಟದ ನೋಟವನ್ನು ಮರೆಮಾಡಿತು. ಕೆಥೆಡ್ರಲಿನ ಕಟ್ಟಡ ಮೇಲ್ವಿಚಾರಕ ಗಾಡ್‌ಫ್ರಿ ಆಲನ್ ಸುತ್ತಲಿನ ಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಮೀರಬಾರದ ಎತ್ತರವನ್ನು ಗೊತ್ತುಮಾಡಿದ. ನಗರಾಡಳಿತ ಇದನ್ನು ಕಟ್ಟುವವರೊಂದಿಗಿನ ಒಡಂಬಡಿಕೆಯಾಗಿ 1938ರಿಂದ ಪಾಲಿಸಿಕೊಂಡು ಬಂದಿತು. ‘ಸೇಂಟ್ ಪಾಲ್ಸ್ ಹೈಟ್ಸ್’ ಎಂಬ ಹೆಸರಿನ ಈ ನಿಯಮ ಈಗಲೂ ಜಾರಿಯಲ್ಲಿದೆ.

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಅಭಿವೃದ್ಧಿಗೆಲ್ಲ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. 1960ರ ದಶಕದ ಗೋಪುರ ವಸತಿಗಳು, ಹಳೆಯ ಬಡಾವಣೆಗಳ ನೆಲಸಮ ಮತ್ತು ಹೆದ್ದಾರಿ ಯೋಜನೆಗಳ ವಿರುದ್ಧ ಎದ್ದ ಪ್ರತಿಭಟನೆಗಳ ಹಿನ್ನೆಲೆಯಲ್ಲಿ ಆರ್ಥರ್ ಸ್ಕೆಫಿಂಗ್ಟನ್ ಅಧ್ಯಕ್ಷತೆಯ ಸಮಿತಿ 1969ರಲ್ಲಿ ವರದಿ ನೀಡಿ, ಯೋಜನೆ ರೂಪುಗೊಳ್ಳುವ ಹಂತದಲ್ಲೇ ಜನರನ್ನು ಒಳಗೊಳ್ಳಬೇಕೆಂದಿತು. ಅದೇ ವರ್ಷ ಅಮೆರಿಕದ ಶೆರ‍್ರಿ ಆರ್ನ್‌ಸ್ಟೈನ್ ನಾಗರಿಕರ ಪಾಲುಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದಳು. ಅದರಲ್ಲಿ ಸಮಾಲೋಚನೆ ನಾಲ್ಕನೆಯ ಮೆಟ್ಟಿಲು: ಜನರ ಮಾತಿಗೆ ಕಿವಿ ಸಿಗುತ್ತದೆ, ಅದು ನಡೆದೇ ತೀರುತ್ತದೆಂಬ ಭರವಸೆ ಸಿಗುವುದಿಲ್ಲ.

ಕಾನೂನಿನ ಆಧಾರ

ಅಂತರರಾಷ್ಟ್ರೀಯ ಮಟ್ಟದಲ್ಲಿ ಮೂಲ ಆಧಾರ ಯುನೆಸ್ಕೊದ 1972ರ ವಿಶ್ವ ಪರಂಪರೆ ಒಡಂಬಡಿಕೆ. ಅದರ ಕಾರ್ಯನಿರ್ವಹಣಾ ಮಾರ್ಗಸೂಚಿಯ 172ನೆಯ ಪರಿಚ್ಛೇದ, ವಿಶ್ವ ಪರಂಪರೆಯ ತಾಣಕ್ಕೆ ಬಾಧೆ ತರಬಹುದಾದ ದೊಡ್ಡ ನಿರ್ಮಾಣಗಳ ವಿಷಯವನ್ನು, ಹಿಂದೆಗೆಯಲು ಕಷ್ಟವಾದ ನಿರ್ಧಾರ ಕೈಗೊಳ್ಳುವ ಮೊದಲೇ, ವಿಶ್ವ ಪರಂಪರೆ ಸಮಿತಿಗೆ ತಿಳಿಸುವಂತೆ ಸದಸ್ಯ ರಾಷ್ಟ್ರಗಳನ್ನು ಕೇಳುತ್ತದೆ. ವಿಯೆನ್ನಾದಲ್ಲಿ ವೀನ್ ಮಿಟ್ಟೆ ರೈಲು ನಿಲ್ದಾಣದ ಬಳಿಯ ಗೋಪುರಗಳ ವಿವಾದದ ಬೆನ್ನಿಗೆ 2005ರ ಮೇ ತಿಂಗಳಲ್ಲಿ, ಐತಿಹಾಸಿಕ ನಗರಗಳಲ್ಲಿ ಹೊಸ ನಿರ್ಮಾಣಗಳ ಕುರಿತ ‘ವಿಯೆನ್ನಾ ಜ್ಞಾಪಕಪತ್ರ’ ರೂಪುಗೊಂಡಿತು. ಅದೇ ವರ್ಷ ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮೊಸ್, ಸುತ್ತಣ ಪರಿಸರದ ರಕ್ಷಣೆ ಕುರಿತ ಶಿಆನ್ ಘೋಷಣೆಯನ್ನು ಅಂಗೀಕರಿಸಿತು. 2011ರ ನವೆಂಬರ್ 10ರಂದು ಯುನೆಸ್ಕೊ ಹೊರಡಿಸಿದ ಐತಿಹಾಸಿಕ ನಗರ ಭೂದೃಶ್ಯದ ಶಿಫಾರಸು ಸಮುದಾಯದ ಪಾಲುಗೊಳ್ಳುವಿಕೆಯನ್ನು ಯೋಜನೆಯ ಅಗತ್ಯ ಸಾಧನಗಳಲ್ಲಿ ಒಂದಾಗಿ ಎಣಿಸಿತು.

ಯುರೋಪಿನಲ್ಲಿ 1985ರ ಪರಿಸರ ಪರಿಣಾಮ ನಿರ್ಣಯ ನಿರ್ದೇಶನ ಹಾಗೂ 1998ರಲ್ಲಿ ಸಹಿಯಾಗಿ 2001ರಲ್ಲಿ ಜಾರಿಗೆ ಬಂದ ಆರ್ಹುಸ್ ಒಡಂಬಡಿಕೆ, ಮಾಹಿತಿ ಪಡೆಯುವ, ಪಾಲ್ಗೊಳ್ಳುವ ಮತ್ತು ನ್ಯಾಯಾಲಯಕ್ಕೆ ಹೋಗುವ ಹಕ್ಕುಗಳಿಗೆ ನೆಲೆ ಒದಗಿಸಿದವು.

ಸಮಾಲೋಚನೆ ನ್ಯಾಯಯುತವೇ ಎಂಬುದನ್ನು ಅಳೆಯುವ ಸ್ಪಷ್ಟ ಸೂತ್ರ ಇಂಗ್ಲೆಂಡಿನ ನ್ಯಾಯಾಲಯಗಳಿಂದ ಬಂದಿದೆ. 1985ರ ಗನ್ನಿಂಗ್ ಪ್ರಕರಣ ಶಾಲೆಗಳನ್ನು ಮುಚ್ಚುವ ವಿಷಯದ್ದಾದರೂ, ಅದರಲ್ಲಿ ಒಪ್ಪಿತವಾದ ನಾಲ್ಕು ನಿಯಮಗಳು ಎಲ್ಲ ಬಗೆಯ ಸಮಾಲೋಚನೆಗೂ ಅನ್ವಯಿಸುತ್ತವೆ: ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು, ವಿವೇಚಿಸಿ ಉತ್ತರಿಸಲು ಸಾಕಾಗುವಷ್ಟು ಕಾರಣ ಮತ್ತು ಮಾಹಿತಿ ಕೊಡಬೇಕು, ಸಾಕಷ್ಟು ಕಾಲಾವಕಾಶ ನೀಡಬೇಕು, ಬಂದ ಅಭಿಪ್ರಾಯಗಳನ್ನು ಪ್ರಾಮಾಣಿಕವಾಗಿ ಪರಿಗಣಿಸಬೇಕು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿ ಈ ನಿಯಮಗಳನ್ನು ಎತ್ತಿಹಿಡಿಯಿತು.

ಸಂಬಂಧಪಟ್ಟವರು

ಸಮಾಲೋಚನೆಗೆ ಒಳಪಡುವವರನ್ನು ಐದು ಗುಂಪುಗಳಾಗಿ ವಿಂಗಡಿಸಬಹುದು.

ಶಾಸನಬದ್ಧ ಸಂಸ್ಥೆಗಳು: ಅಭಿಪ್ರಾಯ ಕೇಳಲೇಬೇಕೆಂದು ಕಾನೂನು ಹೆಸರಿಸಿದ ಸಂಸ್ಥೆಗಳು. ಇಂಗ್ಲೆಂಡಿನಲ್ಲಿ ಹಿಸ್ಟಾರಿಕ್ ಇಂಗ್ಲೆಂಡ್, ಭಾರತದಲ್ಲಿ ಸಂರಕ್ಷಿತ ಸ್ಮಾರಕಗಳ ಸುತ್ತ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಇದಕ್ಕೆ ಉದಾಹರಣೆ.

ನೆರೆಹೊರೆಯವರು: ಬಿಸಿಲು, ಗಾಳಿ, ಸಂಚಾರ, ನೀರು ಮತ್ತು ಖಾಸಗಿತನದ ಮೇಲಿನ ಪರಿಣಾಮವನ್ನು ನೇರವಾಗಿ ಅನುಭವಿಸುವ ನಿವಾಸಿಗಳು, ಬಾಡಿಗೆದಾರರು ಮತ್ತು ವರ್ತಕರು.

ಸ್ಮಾರಕದ ಒಡೆತನ ಅಥವಾ ಉಸ್ತುವಾರಿ ಹೊಂದಿದವರು: ದೇವಾಲಯ, ಮಸೀದಿ, ಚರ್ಚುಗಳ ಆಡಳಿತ ಮಂಡಳಿಗಳು, ಅರಮನೆ ಮತ್ತು ವಸ್ತುಸಂಗ್ರಹಾಲಯಗಳ ಆಡಳಿತಗಳು.

ನಾಗರಿಕ ಮತ್ತು ಪರಿಣತ ಸಂಘಗಳು: ಪರಂಪರೆ ಟ್ರಸ್ಟುಗಳು, ವಾಸ್ತುಶಿಲ್ಪಿಗಳ ಸಂಘಗಳು, ವಿಶ್ವವಿದ್ಯಾಲಯಗಳು, ಇಕೊಮೊಸ್‌ನ ರಾಷ್ಟ್ರೀಯ ಸಮಿತಿಗಳು.

ಪ್ರಸ್ತಾವದ ಪಕ್ಷದವರು: ಜಮೀನಿನ ಒಡೆಯರು, ಕಟ್ಟುವ ಕಂಪನಿ, ಕಟ್ಟಡದಿಂದ ವಸತಿ ಅಥವಾ ಉದ್ಯೋಗ ನಿರೀಕ್ಷಿಸುವವರು.

ಹಂತಗಳು

ಇಂಗ್ಲೆಂಡಿನ ಪದ್ಧತಿಯಲ್ಲಿ ಹಂತಗಳು ಸ್ಪಷ್ಟವಾಗಿ ನಿಗದಿಯಾಗಿವೆ. ಮೊದಲನೆಯದು ಯೋಜನೆಯ ಹಂತ. ಎತ್ತರದ ಕಟ್ಟಡ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದು ಸ್ಥಳೀಯ ಮಹಾಯೋಜನೆಯಲ್ಲಿ ಗೊತ್ತಾಗುತ್ತದೆ. ಅದರ ಕರಡಿನ ಮೇಲೆ ಆಕ್ಷೇಪಗಳನ್ನು ಕರೆದು, ಸ್ವತಂತ್ರ ಪರಿವೀಕ್ಷಕರ ಮುಂದೆ ವಿಚಾರಣೆ ನಡೆಸಲಾಗುತ್ತದೆ. ಸಮಾಲೋಚನೆಯನ್ನು ಹೇಗೆ ನಡೆಸಲಾಗುವುದೆಂಬ ಹೇಳಿಕೆಯನ್ನು ಪ್ರತಿ ಯೋಜನಾ ಪ್ರಾಧಿಕಾರವೂ ಪ್ರಕಟಿಸಬೇಕೆಂದು 2004ರ ಕಾಯಿದೆ ವಿಧಿಸಿದೆ.

ಎರಡನೆಯದು ಅರ್ಜಿಗೆ ಮುಂಚಿನ ಹಂತ. ಕಟ್ಟುವವರು ನಕ್ಷೆ, ಮಾದರಿಗಳನ್ನು ಪ್ರದರ್ಶಿಸಿ, ಸಂರಕ್ಷಣಾ ಸಂಸ್ಥೆಯ ಸಲಹೆ ಪಡೆದು, ವಿನ್ಯಾಸವನ್ನು ತಿದ್ದುತ್ತಾರೆ. ಮೂರನೆಯ ಹಂತದಲ್ಲಿ ಅರ್ಜಿ ದಾಖಲಾಗುತ್ತದೆ. ನಿವೇಶನದ ಬಳಿ ಸೂಚನಾಫಲಕ ಹಾಕಿ, ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪ ಸಲ್ಲಿಸಲು ಸಾಮಾನ್ಯವಾಗಿ 21 ದಿನಗಳನ್ನು, ಪರಿಸರ ಪರಿಣಾಮ ವರದಿ ಇರುವ ಪ್ರಕರಣಗಳಲ್ಲಿ 30 ದಿನಗಳನ್ನು ನೀಡಲಾಗುತ್ತದೆ.

ನಾಲ್ಕನೆಯದು ನಿರ್ಧಾರ. ಅಧಿಕಾರಿಗಳ ವರದಿಯಲ್ಲಿ ಆಕ್ಷೇಪಗಳ ಸಾರಾಂಶ ಮತ್ತು ಅವಕ್ಕೆ ಉತ್ತರ ಇರುತ್ತದೆ. ಚುನಾಯಿತ ಸಮಿತಿಯ ಬಹಿರಂಗ ಸಭೆಯಲ್ಲಿ ಅದರ ಮೇಲೆ ಮತದಾನ ನಡೆಯುತ್ತದೆ. ಸಂರಕ್ಷಿತ ಕಟ್ಟಡದ ಸುತ್ತಣ ಪರಿಸರಕ್ಕೆ ವಿಶೇಷ ಗಮನ ಕೊಡಬೇಕೆಂಬ 1990ರ ಕಾಯಿದೆಯ ಕಟ್ಟಳೆ ಇಲ್ಲಿ ಅನ್ವಯಿಸುತ್ತದೆ. ಐದನೆಯ ಹಂತ ಐಚ್ಛಿಕ. ಸಚಿವರು ಪ್ರಕರಣವನ್ನು ತಮ್ಮಲ್ಲಿಗೆ ಕರೆಸಿಕೊಂಡು, ಪರಿವೀಕ್ಷಕರ ಮುಂದೆ ಸಾರ್ವಜನಿಕ ವಿಚಾರಣೆ ನಡೆಸಬಹುದು. ಅಲ್ಲಿ ಸಾಕ್ಷಿಗಳ ಹೇಳಿಕೆ ಮತ್ತು ಪಾಟಿಸವಾಲು ಇರುತ್ತವೆ.

ವಿಧಗಳು

ಲಿಖಿತ ಆಕ್ಷೇಪಣೆ ಎಲ್ಲೆಡೆ ಬಳಕೆಯಲ್ಲಿರುವ ಸರಳ ವಿಧ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಮೌಖಿಕ ಹೇಳಿಕೆಗಳನ್ನು ದಾಖಲಿಸಿಕೊಳ್ಳಲಾಗುತ್ತದೆ; ರಷ್ಯಾದ 2004ರ ನಗರ ನಿರ್ಮಾಣ ಸಂಹಿತೆ ಎತ್ತರದ ಮಿತಿಯಿಂದ ವಿನಾಯಿತಿ ಕೋರಿದಾಗ ಇಂಥ ಸಭೆಗೆ ಅವಕಾಶ ಕಲ್ಪಿಸಿತು. ಪಾಟಿಸವಾಲಿನೊಂದಿಗೆ ನಡೆಯುವ ವಿಚಾರಣೆ ಬ್ರಿಟಿಷ್ ಪದ್ಧತಿಯ ವಿಶೇಷ. ತಜ್ಞ ಸಮಿತಿಯ ಪರಿಶೀಲನೆ ಇನ್ನೊಂದು ವಿಧ. 1973ರ ಕಾಯಿದೆಯಡಿ ಸ್ಥಾಪಿತವಾದ ದೆಹಲಿ ನಗರ ಕಲಾ ಆಯೋಗ, ಮುಂಬಯಿಯ ಪರಂಪರೆ ಸಂರಕ್ಷಣಾ ಸಮಿತಿ ಈ ಬಗೆಯವು.

ದೃಶ್ಯ ಪರಿಣಾಮ ತೋರಿಸುವ ವಿಧಾನಗಳು

ನಕ್ಷೆ ಓದಲು ಬಾರದವರಿಗೂ ಕಟ್ಟಡದ ಪರಿಣಾಮ ತಿಳಿಯುವಂತೆ ಮಾಡುವುದು ಸಮಾಲೋಚನೆಯ ತಾಂತ್ರಿಕ ತಿರುಳು. ಸ್ವಿಟ್ಜರ್ಲೆಂಡಿನಲ್ಲಿ ಅನುಮತಿಗೆ ಮೊದಲು ಉದ್ದೇಶಿತ ಕಟ್ಟಡದ ಮೂಲೆ ಮತ್ತು ಎತ್ತರವನ್ನು ನಿವೇಶನದಲ್ಲೇ ಗಳು ನೆಟ್ಟು ತೋರಿಸುವ ಪದ್ಧತಿ ಇದೆ. ಕೆಲವು ಕಡೆ ಪ್ರಸ್ತಾವಿತ ಎತ್ತರಕ್ಕೆ ಬಲೂನು ಹಾರಿಸಿ ದೂರದ ತಾಣಗಳಿಂದ ಛಾಯಾಚಿತ್ರ ತೆಗೆಯುತ್ತಾರೆ. ಸಮೀಕ್ಷೆಯ ಅಳತೆಗಳಿಗೆ ಹೊಂದಿಸಿದ ಛಾಯಾಚಿತ್ರ ಜೋಡಣೆ, ಕಟ್ಟಡ ಎಲ್ಲೆಲ್ಲಿಂದ ಕಾಣಬಹುದೆಂಬ ಗೋಚರ ವಲಯದ ನಕ್ಷೆ, ಮೂರು ಆಯಾಮದ ಗಣಕ ಮಾದರಿ ಇಂದು ಸಾಮಾನ್ಯ. ಮಸೂರದ ಆಯ್ಕೆಯಿಂದ ಕಟ್ಟಡ ಚಿಕ್ಕದಾಗಿ ಕಾಣುವ ಸಾಧ್ಯತೆ ಇರುವುದರಿಂದ ತಾಣ, ಮಸೂರ ಮತ್ತು ಕಣ್ಣಿನ ಎತ್ತರವನ್ನು ಪ್ರತಿ ಚಿತ್ರದೊಂದಿಗೂ ನಮೂದಿಸಬೇಕಾಗುತ್ತದೆ.

ಲಂಡನ್ನಿನಲ್ಲಿ ಈ ತಾಣಗಳನ್ನು ಮೊದಲೇ ಗೊತ್ತುಮಾಡಲಾಗಿದೆ. ರಿಚ್ಮಂಡ್ ಉದ್ಯಾನದ ಕಿಂಗ್ ಹೆನ್ರಿ ದಿಬ್ಬದಿಂದ ಸುಮಾರು 16 ಕಿಲೋಮೀಟರ್ ದೂರದ ಸೇಂಟ್ ಪಾಲ್ ಗುಮ್ಮಟ ಕಾಣುವ ನೋಟ ಇವುಗಳಲ್ಲಿ ಪ್ರಸಿದ್ಧವಾದದ್ದು. ಆಕ್ಸ್‌ಫರ್ಡಿನಲ್ಲಿ ಕಾರ್‌ಫ್ಯಾಕ್ಸ್ ವೃತ್ತದಿಂದ 1,200 ಮೀಟರ್ ತ್ರಿಜ್ಯದೊಳಗೆ 18.2 ಮೀಟರಿನ ಮಿತಿಯನ್ನು ಯೋಜನಾ ನೀತಿ ಪಾಲಿಸಿಕೊಂಡು ಬಂದಿದೆ.

ಪ್ರಮುಖ ಪ್ರಕರಣಗಳು

ಕ್ಯೋಟೊ: 1990ರ ದಶಕದ ಆರಂಭದಲ್ಲಿ 60 ಮೀಟರ್ ಎತ್ತರದ ಹೋಟೆಲ್ ಪುನರ್ನಿರ್ಮಾಣವನ್ನು ನಗರದ ಬೌದ್ಧ ಸಂಘ ವಿರೋಧಿಸಿತು. ಆ ಹೋಟೆಲಿನ ಅತಿಥಿಗಳಿಗೆ ಪ್ರವೇಶವಿಲ್ಲವೆಂದು ಹಲವು ದೇವಾಲಯಗಳು ಫಲಕ ಹಾಕಿದವು. ಕಟ್ಟಡ ನಿಂತಿತು. ಆದರೆ 2007ರ ಹೊಸ ಭೂದೃಶ್ಯ ನೀತಿ ನಗರಕೇಂದ್ರದ ಹೆದ್ದಾರಿಗಳ ಬದಿಯ ಮಿತಿಯನ್ನು 45ರಿಂದ 31 ಮೀಟರಿಗೆ, ಒಳಭಾಗಗಳಲ್ಲಿ 31ರಿಂದ 15 ಮೀಟರಿಗೆ ಇಳಿಸಿ, 38 ನೋಟಗಳನ್ನು ರಕ್ಷಣೆಗೆ ಒಳಪಡಿಸಿತು.

ಕಲೋನ್: 157 ಮೀಟರ್ ಎತ್ತರದ ಕೆಥೆಡ್ರಲಿನ ಎದುರು, ರೈನ್ ನದಿಯ ಆಚೆ ದಡದ ಡಾಯ್ಟ್ಸ್‌ನಲ್ಲಿ ಗೋಪುರಗಳ ಸಾಲು ಕಟ್ಟುವ ಯೋಜನೆಯಿಂದ 2004ರಲ್ಲಿ ಕೆಥೆಡ್ರಲ್ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಗರಾಡಳಿತ ಎತ್ತರದ ಯೋಜನೆಗಳನ್ನು ಕೈಬಿಟ್ಟಿತು. 2006ರಲ್ಲಿ ಕೆಥೆಡ್ರಲಿನ ಹೆಸರನ್ನು ಆ ಪಟ್ಟಿಯಿಂದ ತೆಗೆಯಲಾಯಿತು.

ಸೇಂಟ್ ಪೀಟರ್ಸ್‌ಬರ್ಗ್: ಗಾಜ್‌ಪ್ರಾಂ ಕಂಪನಿಗಾಗಿ ನೆವಾ ನದಿಯ ದಡದಲ್ಲಿ, ಸ್ಮೋಲ್ನಿ ಕೆಥೆಡ್ರಲಿನ ಎದುರಿಗೆ, ಓಖ್ತಾ ಕೇಂದ್ರವೆಂಬ ಗೋಪುರದ ಪ್ರಸ್ತಾವ 2006ರಲ್ಲಿ ಬಂದಿತು. ವಿನ್ಯಾಸ ಸ್ಪರ್ಧೆಯ ತೀರ್ಪುಗಾರರಾಗಿದ್ದ ನಾರ್ಮನ್ ಫಾಸ್ಟರ್, ರಫಾಯೆಲ್ ವಿನ್ಯೋಲಿ ಮತ್ತು ಕಿಶೊ ಕುರೊಕಾವಾ ಹೊರನಡೆದರು. ನಿವೇಶನಕ್ಕೆ 100 ಮೀಟರಿನ ಮಿತಿಯಿದ್ದರೂ, 2009ರ ಸೆಪ್ಟೆಂಬರಿನ ಗದ್ದಲದ ಅಹವಾಲು ಸಭೆಯ ನಂತರ 403 ಮೀಟರಿಗೆ ವಿನಾಯಿತಿ ನೀಡಲಾಯಿತು. ನಾಗರಿಕ ಸಂಘಗಳು, ಹರ್ಮಿಟಾಜ್ ವಸ್ತುಸಂಗ್ರಹಾಲಯದ ನಿರ್ದೇಶಕ ಮಿಖಾಯಿಲ್ ಪಿಯೊತ್ರೊವ್‌ಸ್ಕಿ ಮತ್ತು ಯುನೆಸ್ಕೊ ವಿರೋಧ ಮುಂದುವರಿಸಿದ ಮೇಲೆ 2010ರ ಡಿಸೆಂಬರಿನಲ್ಲಿ ನಿವೇಶನವನ್ನು ಕೈಬಿಡಲಾಯಿತು. ಗೋಪುರ ನಗರದ ಹೊರವಲಯದ ಲಾಖ್ತಾದಲ್ಲಿ, ಫಿನ್ಲೆಂಡ್ ಕೊಲ್ಲಿಯ ತೀರದಲ್ಲಿ, 462 ಮೀಟರ್ ಎತ್ತರಕ್ಕೆ ಎದ್ದಿತು.

ಲಂಡನ್: 310 ಮೀಟರಿನ ಶಾರ್ಡ್ ಕಟ್ಟಡವನ್ನು ಇಂಗ್ಲಿಷ್ ಹೆರಿಟೇಜ್ ವಿರೋಧಿಸಿತ್ತು, 2003ರ ಸಾರ್ವಜನಿಕ ವಿಚಾರಣೆಯ ನಂತರ ಅದಕ್ಕೆ ಅನುಮತಿ ದೊರೆಯಿತು. 305 ಮೀಟರಿನ ಟ್ಯುಲಿಪ್ ಗೋಪುರದ ಗತಿ ಬೇರೆಯಾಯಿತು. ಸಿಟಿ ಆಫ್ ಲಂಡನ್ ಆಡಳಿತ 2019ರ ಏಪ್ರಿಲಿನಲ್ಲಿ ಅದನ್ನು ಒಪ್ಪಿತು, ಜುಲೈಯಲ್ಲಿ ಮೇಯರ್ ತಡೆದರು. ಮೇಲ್ಮನವಿಯ ವಿಚಾರಣೆಯ ನಂತರ 2021ರ ನವೆಂಬರಿನಲ್ಲಿ ಸರ್ಕಾರ ತಿರಸ್ಕರಿಸಿತು. ಟವರ್ ಆಫ್ ಲಂಡನ್ನಿನ ಸುತ್ತಣ ಪರಿಸರಕ್ಕೆ ಆಗುವ ಹಾನಿ ಕಾರಣಗಳಲ್ಲಿ ಒಂದು.

ಲಿವರ್‌ಪೂಲ್: 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಂದರು ಪ್ರದೇಶ, ಬಹುಮಹಡಿ ಕಟ್ಟಡಗಳನ್ನೊಳಗೊಂಡ ಲಿವರ್‌ಪೂಲ್ ವಾಟರ್ಸ್ ಯೋಜನೆಯಿಂದಾಗಿ 2012ರಲ್ಲಿ ಅಪಾಯದ ಪಟ್ಟಿಗೆ ಸೇರಿತು. 2021ರ ಜುಲೈ 21ರಂದು ವಿಶ್ವ ಪರಂಪರೆಯ ಪಟ್ಟಿಯಿಂದಲೇ ಹೊರಬಿತ್ತು.

ಪ್ಯಾರಿಸ್: 1973ರಲ್ಲಿ ಪೂರ್ಣಗೊಂಡ 210 ಮೀಟರಿನ ಮೊಂಪಾರ್ನಾಸ್ ಗೋಪುರಕ್ಕೆ ಬಂದ ಪ್ರತಿರೋಧದಿಂದ 1977ರಲ್ಲಿ 37 ಮೀಟರಿನ ಮಿತಿ ಜಾರಿಗೆ ಬಂತು. 2010ರ ಬಳಿಕ ಅದು ಸಡಿಲಗೊಂಡಿತು. 180 ಮೀಟರಿನ ತ್ರಿಕೋನ ಗೋಪುರವನ್ನು ನಗರಸಭೆ 2014ರಲ್ಲಿ ತಿರಸ್ಕರಿಸಿ 2015ರಲ್ಲಿ ಒಪ್ಪಿತು. 2023ರಲ್ಲಿ 37 ಮೀಟರಿನ ಮಿತಿ ಮರಳಿತು.

ಉಪಯೋಗ ಮತ್ತು ಮಿತಿಗಳು

ನಕ್ಷೆಯಲ್ಲಿ ಕಾಣದ ಸ್ಥಳೀಯ ತಿಳಿವಳಿಕೆ ಸಮಾಲೋಚನೆಯಿಂದ ಪ್ರಾಧಿಕಾರಕ್ಕೆ ಸಿಗುತ್ತದೆ: ಉತ್ಸವದ ರಥ ಸಾಗುವ ಬೀದಿ, ಜನ ನಿಂತು ಗೋಪುರ ನೋಡುವ ಕಟ್ಟೆ, ಮಳೆನೀರು ಹರಿಯುವ ಜಾಡು. ನಿರ್ಧಾರಕ್ಕೆ ಕಾರಣಗಳನ್ನು ಬರೆದಿಡಬೇಕಾಗುವುದರಿಂದ ನ್ಯಾಯಾಲಯದಲ್ಲಿ ಪರಿಶೀಲಿಸಬಲ್ಲ ದಾಖಲೆ ಉಳಿಯುತ್ತದೆ. ಮುಂಚಿತವಾಗಿ ಬಂದ ಆಕ್ಷೇಪಗಳಿಂದ ವಿನ್ಯಾಸ ತಿದ್ದುವುದು ಕಟ್ಟುವವರಿಗೂ ಕಡಿಮೆ ವೆಚ್ಚದ ದಾರಿ.

ಮಿತಿಗಳೂ ಇವೆ. ಹಣ ಹೂಡಿ ವಿನ್ಯಾಸ ಮುಗಿಸಿದ ಮೇಲೆ ನಡೆಯುವ ಸಮಾಲೋಚನೆಯಲ್ಲಿ ಎತ್ತರ ಬದಲಾಗುವುದು ಅಪರೂಪ. ಬಾಡಿಗೆದಾರರು, ದಿನಗೂಲಿಗಳು, ಬೀದಿ ವ್ಯಾಪಾರಿಗಳು ಸಭೆಗಳಿಗೆ ಬರುವುದು ಕಷ್ಟ. ಮುಂದೆ ಆ ಕಟ್ಟಡದಲ್ಲಿ ವಾಸಿಸುವವರು ಯಾರೆಂದು ಆಗ ಗೊತ್ತಿರುವುದಿಲ್ಲ. ತಾಂತ್ರಿಕ ವರದಿಗಳು ಸ್ಥಳೀಯ ಭಾಷೆಯಲ್ಲಿ ಇಲ್ಲದಿದ್ದರೆ ಉತ್ತರಿಸುವ ಅವಕಾಶ ಹೆಸರಿಗಷ್ಟೇ ಉಳಿಯುತ್ತದೆ. ಒಂದೊಂದೇ ಕಟ್ಟಡವನ್ನು ಬಿಡಿಯಾಗಿ ಪರಿಶೀಲಿಸಿದಾಗ ಹಲವು ಕಟ್ಟಡಗಳ ಒಟ್ಟು ಪರಿಣಾಮ ಲೆಕ್ಕಕ್ಕೆ ಬರುವುದಿಲ್ಲ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಎತ್ತರದ ಕಟ್ಟಡಗಳಿಗೆಂದೇ ಪ್ರತ್ಯೇಕ ಸಮಾಲೋಚನಾ ಕಾನೂನು ಇಲ್ಲ. 1958ರ ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರತಿ ಸ್ಮಾರಕಕ್ಕೂ ಪರಂಪರೆ ಉಪವಿಧಿಗಳನ್ನು ಪರಂಪರೆ ಸಂರಕ್ಷಣಾ ಟ್ರಸ್ಟಾದ ಇಂಟ್ಯಾಕ್ ಅಥವಾ ಅಂಥದೇ ಪರಿಣತ ಸಂಸ್ಥೆಯೊಂದಿಗೆ ಸಮಾಲೋಚಿಸಿ ರೂಪಿಸಬೇಕು. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಗಳನ್ನು ಕರೆಯಬೇಕು. ಬೆಂಗಳೂರಿನ ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ, ವಿಜಯಪುರದ ಗೋಳಗುಮ್ಮಟ ಮೊದಲಾದ ಸ್ಮಾರಕಗಳು ಈ ಕಾಯಿದೆಯ ವ್ಯಾಪ್ತಿಯಲ್ಲಿವೆ. ರಕ್ಷಣೆ ಅಡ್ಡಳತೆಯ ದೂರವನ್ನು ಆಧರಿಸಿರುವುದರಿಂದ, 300 ಮೀಟರಿನಾಚೆಯ ಗೋಪುರ ಸ್ಮಾರಕದ ಹಿನ್ನೆಲೆಯಲ್ಲಿ ಕಂಡರೂ ಈ ಕಾಯಿದೆಯ ಅನುಮತಿ ಬೇಕಾಗುವುದಿಲ್ಲ.

2006ರ ಪರಿಸರ ಪರಿಣಾಮ ನಿರ್ಣಯ ಅಧಿಸೂಚನೆಯಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ಕಟ್ಟಡ ಯೋಜನೆಗಳಿಗೆ ಪೂರ್ವಾನುಮತಿ ಬೇಕೆಂದಿದೆ. ಆದರೆ ಕಟ್ಟಡ ಮತ್ತು ಬಡಾವಣೆ ಯೋಜನೆಗಳನ್ನು ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ದೆಹಲಿಯ ಸೆಂಟ್ರಲ್ ವಿಸ್ಟಾ ಯೋಜನೆಯ ಕುರಿತ 2021ರ ಜನವರಿ 5ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಯೋಜನೆಯನ್ನು ಎತ್ತಿಹಿಡಿಯಿತು. ಸಾಕಷ್ಟು ಮಾಹಿತಿ ಬಹಿರಂಗಪಡಿಸದೆ ಆಕ್ಷೇಪ ಕರೆಯುವುದು ಸಾಲದೆಂದು ನ್ಯಾಯಮೂರ್ತಿ ಸಂಜೀವ್ ಖನ್ನಾ ಭಿನ್ನ ತೀರ್ಪು ಬರೆದರು.

ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಮಹಾಯೋಜನೆಯ ಕರಡಿನ ಮೇಲೆ ಸಾರ್ವಜನಿಕರ ಅಭಿಪ್ರಾಯ ಸಲ್ಲಿಕೆಗೆ 60 ದಿನಗಳ ಅವಕಾಶ ಕೊಡುತ್ತದೆ. ಹಂಪಿಯ ಅನುಭವ ಸೇತುವೆಗೆ ಸಂಬಂಧಿಸಿದ್ದಾದರೂ ಈ ವಿಷಯಕ್ಕೆ ಹತ್ತಿರವಾದದ್ದು. 1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿ, ತುಂಗಭದ್ರೆಗೆ ಅಡ್ಡಲಾಗಿ ಕೈಗೊಂಡ ಸೇತುವೆ ಕಾಮಗಾರಿಗಳಿಂದ 1999ರಲ್ಲಿ ಅಪಾಯದ ಪಟ್ಟಿಗೆ ಸೇರಿ, 2006ರಲ್ಲಿ ಹೊರಬಂತು. ಆ ನಡುವೆ 2002ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಸ್ಥಾಪನೆಯಾಯಿತು.

ಇಂದಿನ ಸ್ಥಿತಿ

2022ರಲ್ಲಿ ಯುನೆಸ್ಕೊ ಮತ್ತು ಅದರ ಸಲಹಾ ಸಂಸ್ಥೆಗಳು ವಿಶ್ವ ಪರಂಪರೆಯ ತಾಣಗಳಿಗೆ ಪರಿಣಾಮ ನಿರ್ಣಯದ ಹೊಸ ಕೈಪಿಡಿ ಹೊರತಂದು, ಸಂಬಂಧಪಟ್ಟವರ ಪಾಲುಗೊಳ್ಳುವಿಕೆಯನ್ನು ಮೊದಲ ಹಂತದಿಂದಲೇ ಸೇರಿಸಿದವು. ವಿಯೆನ್ನಾದ ಐತಿಹಾಸಿಕ ಕೇಂದ್ರ, ಹಾಯ್‌ಮಾರ್ಕ್ಟ್ ಗೋಪುರದ ಯೋಜನೆಯಿಂದಾಗಿ 2017ರಲ್ಲಿ ಅಪಾಯದ ಪಟ್ಟಿಗೆ ಸೇರಿತು. ಜ್ಞಾಪಕಪತ್ರಕ್ಕೆ ಹೆಸರು ಕೊಟ್ಟ ನಗರವೇ ಹನ್ನೆರಡು ವರ್ಷಗಳ ನಂತರ ಅದೇ ಪ್ರಶ್ನೆಯನ್ನು ಎದುರಿಸಿತು. ಭಾರತದಲ್ಲಿ 2017ರಲ್ಲಿ ಅಹಮದಾಬಾದ್, 2019ರಲ್ಲಿ ಜೈಪುರ ನಗರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕರ್ನಾಟಕದ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಸೇರಿದವು. ಈ ತಾಣಗಳಿಗೆ ಬಾಧೆ ತರಬಹುದಾದ ನಿರ್ಮಾಣಗಳಿಗೆ 172ನೆಯ ಪರಿಚ್ಛೇದ ಅನ್ವಯಿಸುತ್ತದೆ. ಪಟ್ಟಿಯಲ್ಲಿಲ್ಲದ ಕರ್ನಾಟಕದ ಹಳೆಯ ಊರುಗಳಲ್ಲಿ ಎತ್ತರದ ಬಗ್ಗೆ ನಾಗರಿಕರು ಅಭಿಪ್ರಾಯ ಸಲ್ಲಿಸಲು ಕಾನೂನು ಕೊಟ್ಟಿರುವ ಮುಖ್ಯ ಅವಕಾಶ ಮಹಾಯೋಜನೆಯ ಕರಡು ಪ್ರಕಟವಾದ ದಿನದಿಂದ ಆರಂಭವಾಗುವ ಆ 60 ದಿನಗಳು.